ಮಕ್ಕಳಲ್ಲಿ ಆಕ್ರಮಣಶೀಲತೆ ಮತ್ತು ಪೀಡನೆಯ ಬೆಳವಣಿಗೆ

ಇನ್ನೊಬ್ಬರ ಮೈಗೆ, ಮನಸ್ಸಿಗೆ ಅಥವಾ ಸ್ನೇಹಸಂಬಂಧಗಳಿಗೆ ಬೇಕೆಂದೇ ನೋವುಂಟುಮಾಡುವ ವರ್ತನೆಯನ್ನು ಮನೋವಿಜ್ಞಾನದಲ್ಲಿ ಆಕ್ರಮಣಶೀಲತೆ ಎನ್ನುತ್ತಾರೆ. ಹೊಡೆಯುವುದು, ಕಚ್ಚುವುದು, ದೂಡುವುದು ಇದರ ದೈಹಿಕ ರೂಪ. ಬೈಯುವುದು, ಹೆದರಿಸುವುದು, ಅಡ್ಡಹೆಸರಿಟ್ಟು ಗೇಲಿ ಮಾಡುವುದು ಮಾತಿನ ರೂಪ. ಚಾಡಿ ಹಬ್ಬಿಸುವುದು, ಆಟಕ್ಕೆ ಸೇರಿಸದಿರುವುದು, ಬೇರೆಯವರಿಂದಲೂ ಠೂ ಬಿಡಿಸುವುದು ಸಂಬಂಧಗಳ ಮೂಲಕ ನಡೆಯುವ ರೂಪ. ಉದ್ದೇಶದ ದೃಷ್ಟಿಯಿಂದ ಇದರಲ್ಲಿ ಎರಡು ಬಗೆಗಳುಂಟು. ಕೆರಳಿದಾಗ ಅಥವಾ ಹೆದರಿದಾಗ ತಟ್ಟನೆ ಹೊಮ್ಮುವುದು ಪ್ರತಿಕ್ರಿಯಾತ್ಮಕ ಆಕ್ರಮಣ. ಏನನ್ನಾದರೂ ಗಿಟ್ಟಿಸಿಕೊಳ್ಳಲು ಲೆಕ್ಕಹಾಕಿ ನಡೆಸುವುದು ಸಾಧನಾತ್ಮಕ ಆಕ್ರಮಣ.

ಶಾಲೆಗಳಲ್ಲಿ ಬುಲ್ಲಿಯಿಂಗ್ ಎಂದು ಕರೆಯುವ ಪೀಡನೆ ಹೆಚ್ಚಾಗಿ ಈ ಎರಡನೆಯ ಬಗೆಗೆ ಸೇರುತ್ತದೆ. ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಅಂತರವಿರುವುದು, ಈ ಮೂರೂ ಕೂಡಿದಾಗ ಅದು ಪೀಡನೆ. ಸರಿಸಮಾನರಾದ ಇಬ್ಬರು ಹುಡುಗರು ಮೈದಾನದಲ್ಲಿ ಒಮ್ಮೆ ಹೊಡೆದಾಡಿಕೊಂಡರೆ ಅದು ಜಗಳ. ಎದುರು ನಿಲ್ಲಲಾರನೆಂದು ತಿಳಿದೇ ಒಬ್ಬನನ್ನು ದಿನವೂ ಕಾಡಿದರೆ ಪೀಡನೆ. ಬಲ ಎಂದರೆ ತೋಳ್ಬಲ ಮಾತ್ರವಲ್ಲ. ವಯಸ್ಸು, ಬೆನ್ನಿಗಿರುವವರ ಸಂಖ್ಯೆ, ಜಾತಿ, ಹಣ, ಭಾಷೆ, ತರಗತಿಯಲ್ಲಿರುವ ವರ್ಚಸ್ಸು ಇವೂ ಬಲವೇ.

ಅರ್ಧ ಶತಮಾನದ ಸಂಶೋಧನೆಯಿಂದ ಮುಖ್ಯವಾಗಿ ಎರಡು ಸಂಗತಿಗಳು ಹೊರಬಿದ್ದಿವೆ. ಕೈಮಾಡುವುದನ್ನು ಮಗು ಯಾರಿಂದಲೂ ಕಲಿಯಬೇಕಾಗಿಲ್ಲ. ಕೈ ತಡೆಯುವುದನ್ನು ಕಲಿಯಬೇಕಾಗುತ್ತದೆ. ಪೀಡನೆಯಾದರೋ ಸುತ್ತಲಿನವರಿಂದ ಪ್ರತಿಫಲ ಸಿಗುವ ಕಡೆ ಬೆಳೆಯುತ್ತದೆ, ಸಿಗದ ಕಡೆ ಕುಗ್ಗುತ್ತದೆ. ಆದ್ದರಿಂದ ಎರಡರಲ್ಲೂ ಹಿರಿಯರ ಹೊಣೆ ದೊಡ್ಡದು.

ಅಧ್ಯಯನದ ಹಿನ್ನೆಲೆ

ಶಾಲಾ ಪೀಡನೆಯ ವ್ಯವಸ್ಥಿತ ಅಧ್ಯಯನ ಆರಂಭವಾದದ್ದು ಸ್ಕ್ಯಾಂಡಿನೇವಿಯಾದಲ್ಲಿ. ಮಕ್ಕಳ ಗುಂಪೊಂದು ಒಂಟಿ ಮಗುವಿನ ಮೇಲೆ ಬೀಳುವುದನ್ನು ಕುರಿತು ಸ್ವೀಡನ್ನಿನ ವೈದ್ಯ ಪೀಟರ್ ಪೌಲ್ ಹೈನೆಮನ್ 1960ರ ದಶಕದ ಕೊನೆಯಲ್ಲಿ ಬರೆದಾಗ ಅಲ್ಲಿ ಸಾರ್ವಜನಿಕ ಚರ್ಚೆ ಎದ್ದಿತು. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ಮನೋವಿಜ್ಞಾನಿ ಡಾನ್ ಓಲ್ವೆಯುಸ್ (1931–2020) ಸ್ಟಾಕ್‌ಹೋಮ್ ಶಾಲೆಗಳ ಬಾಲಕರನ್ನು ಅಧ್ಯಯನ ಮಾಡಿ 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪುಸ್ತಕ ಪ್ರಕಟಿಸಿದರು. 1978ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ಮೇಲೆ ಹೇಳಿದ ಮೂರು ಲಕ್ಷಣಗಳ ವ್ಯಾಖ್ಯೆ ಅವರದೇ.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ತೀವ್ರ ಪೀಡನೆಯೇ ಇದಕ್ಕೆ ಕಾರಣವಿರಬೇಕೆಂದು ತಿಳಿದಾಗ ದೇಶವೇ ತಲ್ಲಣಿಸಿತು. ಮರುವರ್ಷ ಅಲ್ಲಿನ ಶಿಕ್ಷಣ ಸಚಿವಾಲಯ ರಾಷ್ಟ್ರವ್ಯಾಪಿ ಆಂದೋಲನ ಕೈಗೊಂಡಿತು. ಆಗ ನಡೆದ ಸಮೀಕ್ಷೆಯ ಪ್ರಕಾರ ಸುಮಾರು ಶೇ. 15ರಷ್ಟು ವಿದ್ಯಾರ್ಥಿಗಳು ಪೀಡಕರಾಗಿಯೋ ಪೀಡಿತರಾಗಿಯೋ ಪೀಡನೆಯಲ್ಲಿ ಸಿಕ್ಕಿಕೊಂಡಿದ್ದರು. 1980ರ ದಶಕದ ನಡುವೆ ಜಪಾನಿನಲ್ಲಿ, 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇದೇ ಬಗೆಯ ಅಧ್ಯಯನಗಳು ನಡೆದವು. ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಶಾಲೆಯಲ್ಲಿ ಪೀಡನೆಗೆ ಒಳಗಾದ ವಿದ್ಯಾರ್ಥಿಗಳು ಪ್ರಪಂಚದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಎಂದು ಯುನೆಸ್ಕೊದ 2019ರ ವರದಿ ಹೇಳಿತು.

ಶೈಶವ ಮತ್ತು ಎಳೆಯ ಬಾಲ್ಯ

ಹಿಂಸೆ ದೊಡ್ಡವರಾಗುತ್ತ ಕಲಿಯುವ ಗುಣ, ಅದು ಹದಿಹರೆಯದಲ್ಲಿ ತಲೆಯೆತ್ತುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಕೆನಡಾದ ಮಾಂಟ್ರಿಯಲ್‌ನ ರಿಚರ್ಡ್ ಟ್ರಾಂಬ್ಲೆ ಮತ್ತು ಸಂಗಡಿಗರು ಮಕ್ಕಳನ್ನು ಎಳವೆಯಿಂದಲೇ ವರ್ಷ ವರ್ಷ ಹಿಂಬಾಲಿಸಿ ನೋಡಿದಾಗ ಚಿತ್ರ ತಿರುಗುಮುರುಗಾಯಿತು. ದೈಹಿಕ ಆಕ್ರಮಣ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲೇ ಕಾಣಿಸಿಕೊಂಡು, ಎರಡರಿಂದ ನಾಲ್ಕು ವರ್ಷದ ನಡುವೆ ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತ ಹೋಗುತ್ತದೆ. ಎಷ್ಟು ಸಲ ಕೈ ಎತ್ತುತ್ತಾರೆ ಎಂದು ಎಣಿಸಿದರೆ ಮನುಷ್ಯರು ಅತ್ಯಂತ ಆಕ್ರಮಣಕಾರಿಯಾಗಿರುವುದು ಎರಡು ಮೂರು ವರ್ಷದ ಪ್ರಾಯದಲ್ಲಿ. ಅವರ ತೋಳಿನಲ್ಲಿ ಶಕ್ತಿ ಇಲ್ಲದ್ದರಿಂದ ಅದು ಅಪಾಯವೆನಿಸುವುದಿಲ್ಲ, ಅಷ್ಟೆ.

ಅಂಗನವಾಡಿಯಲ್ಲಿ ಕೂತು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಎರಡೂವರೆ ವರ್ಷದ ಮಗುವಿನ ಕೈಯಿಂದ ಇನ್ನೊಂದು ಮಗು ಆಟಿಕೆ ಕಿತ್ತುಕೊಂಡರೆ ಮೊದಲನೆಯದು ಕೂದಲು ಹಿಡಿದು ಜಗ್ಗುತ್ತದೆ, ಇಲ್ಲವೆ ಕಚ್ಚುತ್ತದೆ. ಅದಕ್ಕೆ ಬೇಕಾದ್ದು ಆಟಿಕೆ. ಕೇಳಿ ಪಡೆಯುವಷ್ಟು ಮಾತು ಇನ್ನೂ ಬಂದಿಲ್ಲ, ಕಾಯುವಷ್ಟು ಸಹನೆಯೂ ಇಲ್ಲ. ಮಾತು ಬಲಿತಂತೆ, ಭಾವನೆಗಳನ್ನು ಹದ್ದುಬಸ್ತಿನಲ್ಲಿಡುವ ಮೆದುಳಿನ ಮುಂಭಾಗ ಬೆಳೆದಂತೆ, ದೊಡ್ಡವರು ಸಮಾಧಾನದಿಂದ ತಿದ್ದಿದಂತೆ ಬಹುತೇಕ ಮಕ್ಕಳು ಈ ದಾರಿಯನ್ನು ಬಿಟ್ಟು "ಈಗ ನನ್ನ ಸರದಿ" ಎನ್ನಲು ಕಲಿಯುತ್ತಾರೆ. ಮಾತು ತಡವಾಗಿ ಬರುವ ಮಕ್ಕಳಲ್ಲಿ ಕೈಮಾಡುವುದು ಹೆಚ್ಚು ಕಾಲ ಉಳಿಯುವುದಕ್ಕೆ ಇದೂ ಒಂದು ಕಾರಣ.

ಎಲ್ಲರ ಇಳಿಕೆಯೂ ಒಂದೇ ವೇಗದ್ದಲ್ಲ. ಮಾಂಟ್ರಿಯಲ್‌ನ ಬಡ ಬಡಾವಣೆಗಳ ಸಾವಿರಕ್ಕೂ ಹೆಚ್ಚು ಬಾಲಕರನ್ನು 6ರಿಂದ 15 ವರ್ಷದವರೆಗೆ ಗಮನಿಸಿದ ಅಧ್ಯಯನವನ್ನು ಡೇನಿಯಲ್ ನೇಗಿನ್ ಮತ್ತು ಟ್ರಾಂಬ್ಲೆ 1999ರಲ್ಲಿ ಪ್ರಕಟಿಸಿದರು. ಬಹುಪಾಲು ಬಾಲಕರಲ್ಲಿ ದೈಹಿಕ ಆಕ್ರಮಣ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು, ಶೇ. 4ರಷ್ಟು ಮಂದಿಯಲ್ಲಿ ಮಾತ್ರ ಉದ್ದಕ್ಕೂ ಎತ್ತರದಲ್ಲೇ ಉಳಿಯಿತು. ಗಂಭೀರ ಅಪರಾಧಗಳಿಗೆ ಇಳಿಯುವ ಅಪಾಯ ಹೆಚ್ಚಾಗಿದ್ದದ್ದು ಈ ಚಿಕ್ಕ ಗುಂಪಿನಲ್ಲೇ.

ಶಾಲಾ ವಯಸ್ಸು

ಆರು ವರ್ಷ ದಾಟಿದ ಮೇಲೆ ಕೈಯ ಕೆಲಸ ಕಡಿಮೆಯಾಗಿ ಬಾಯಿಯ ಕೆಲಸ ಹೆಚ್ಚುತ್ತದೆ. ಯಾವ ಮಾತು ಯಾರಿಗೆ ಎಲ್ಲಿ ನಾಟುತ್ತದೆ ಎಂಬ ತಿಳಿವಳಿಕೆ ಈಗ ಮಗುವಿಗೆ ಬಂದಿರುತ್ತದೆ. ಎದುರು ನಿಂತು ಹೊಡೆಯದೆ ಬೆನ್ನ ಹಿಂದೆ ನಡೆಸುವ ಆಕ್ರಮಣವನ್ನು ಫಿನ್ಲೆಂಡಿನ ಕಿರ್ಸ್ಟಿ ಲಾಗರ್‌ಸ್ಪೆಟ್ಸ್ ಮತ್ತು ಕಾಯ್ ಬ್ಯೋರ್ಕ್‌ವಿಸ್ಟ್ 1980ರ ದಶಕದ ಕೊನೆಯಲ್ಲಿ ವಿವರಿಸಿದರು. ಅಮೆರಿಕದ ನಿಕಿ ಕ್ರಿಕ್ 1995ರಲ್ಲಿ ಅದನ್ನು ಸಂಬಂಧಾತ್ಮಕ ಆಕ್ರಮಣವೆಂದು ಗುರುತಿಸಿದರು. ಇದು ಹುಡುಗಿಯರ ಗುಣವೆಂಬ ಮಾತು ಅದರ ಬೆನ್ನಿಗೇ ಹುಟ್ಟಿತು. ಆದರೆ 2008ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹುಡುಗ ಹುಡುಗಿಯರ ನಡುವಿನ ಅಂತರ ನಗಣ್ಯವೆಂದು ಕಂಡಿತು. ದೈಹಿಕ ಆಕ್ರಮಣ ಮಾತ್ರ ಹುಡುಗರಲ್ಲಿ ನಿಚ್ಚಳವಾಗಿ ಹೆಚ್ಚು.

ಈ ವಯಸ್ಸಿನಲ್ಲಿ ಕೆಲವು ಮಕ್ಕಳು ಏಕೆ ಮತ್ತೆ ಮತ್ತೆ ಜಗಳಕ್ಕೆ ಬೀಳುತ್ತಾರೆ ಎಂಬುದಕ್ಕೆ ಅಮೆರಿಕದ ಕೆನೆತ್ ಡಾಜ್ 1980ರಲ್ಲಿ ಒಂದು ಸುಳಿವು ಕೊಟ್ಟರು. ಬಾಲಕನೊಬ್ಬ ಚಿತ್ರದ ತುಂಡುಗಳನ್ನು ಜೋಡಿಸುವ ಕೆಲಸದಲ್ಲಿರುತ್ತಾನೆ. ಇನ್ನೊಬ್ಬ ಬಾಲಕ ಅದನ್ನು ಕೆಡಿಸಿದನೆಂದು ಅವನಿಗೆ ಗೊತ್ತಾಗುತ್ತದೆ. ಬೇಕೆಂದೇ ಕೆಡಿಸಿದ್ದು ಸ್ಪಷ್ಟವಿದ್ದಾಗ ಎಲ್ಲರೂ ಸಿಟ್ಟಾದರು. ನೆರವಾಗಲು ಹೋಗಿ ಕೆಟ್ಟಿತೆಂದು ತಿಳಿದಾಗ ಎಲ್ಲರೂ ಸುಮ್ಮನಾದರು. ಉದ್ದೇಶ ಏನೆಂದು ತಿಳಿಯದಿದ್ದಾಗ ಮಾತ್ರ ಬಾಲಕರು ಎರಡು ಬಗೆಯಾದರು. ಉಳಿದವರು ಅದನ್ನು ಆಕಸ್ಮಿಕವೆಂದು ಬಿಟ್ಟರೆ, ಆಕ್ರಮಣಕಾರಿ ಬಾಲಕರು ಹಗೆತನವೆಂದೇ ತಿಳಿದು ಸೇಡು ತೀರಿಸಿಕೊಂಡರು. ಹೀಗೆ ಎಲ್ಲದರಲ್ಲೂ ಕೇಡು ಕಾಣುವ ಮಗು ತಾನೇ ಜಗಳ ಹುಟ್ಟಿಸುತ್ತದೆ. ಒಳ್ಳೆಯ ಮಕ್ಕಳು ದೂರವಾಗುತ್ತಾರೆ. ಜಗತ್ತು ತನಗೆ ವೈರಿ ಎಂಬ ಅದರ ನಂಬಿಕೆ ಕೊನೆಗೆ ನಿಜವೇ ಆಗುತ್ತದೆ. ಮನೆಯಲ್ಲಿ ಹಿಂಸೆ ಉಂಡ ಮಕ್ಕಳಲ್ಲಿ ಈ ಅನುಮಾನದ ಕಣ್ಣು ಹೆಚ್ಚಾಗಿ ಕಾಣುತ್ತದೆ.

ಹದಿಹರೆಯ

ಹದಿಹರೆಯದಲ್ಲಿ ಮೈಬಲ ಮತ್ತು ಅವಕಾಶ ಎರಡೂ ಹೆಚ್ಚುವುದರಿಂದ ಆಕ್ರಮಣದ ಸಂಖ್ಯೆ ಕಡಿಮೆಯಾದರೂ ಅಪಾಯ ಹೆಚ್ಚುತ್ತದೆ. ಪ್ರತಿಫಲಕ್ಕೆ ತುಡಿಯುವ ಮೆದುಳಿನ ವ್ಯವಸ್ಥೆ ಹರೆಯದ ಹೊಸ್ತಿಲಲ್ಲೇ ಚುರುಕಾಗುತ್ತದೆ. ಲಗಾಮು ಹಾಕುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯದ ನಡುಭಾಗ ಬರಬೇಕು. ಗೆಳೆಯರು ನೋಡುತ್ತಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ವಯಸ್ಕರ ಮೇಲೆ ಈ ಪ್ರಭಾವ ಅಷ್ಟಾಗಿ ಇಲ್ಲ ಎಂದು ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಯೋಗದಿಂದ ತೋರಿಸಿದರು.

ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿರುವ ಅಧ್ಯಯನದ ಆಧಾರದ ಮೇಲೆ ಟೆರಿ ಮಾಫಿಟ್ 1993ರಲ್ಲಿ ಎರಡು ದಾರಿಗಳನ್ನು ಬೇರ್ಪಡಿಸಿದರು. ಒಂದು, ಚಿಕ್ಕಂದಿನಲ್ಲೇ ಆರಂಭವಾಗಿ ಜೀವನವಿಡೀ ಮುಂದುವರಿಯುವುದು. ಇದರ ಹಿಂದೆ ನರವ್ಯೂಹದ ತೊಡಕುಗಳು ಮತ್ತು ಒಡಕು ಕುಟುಂಬ ಎರಡೂ ಇರುತ್ತವೆ, ಈ ದಾರಿ ಹಿಡಿಯುವವರು ಬಹಳ ಕಡಿಮೆ. ಇನ್ನೊಂದು, ಹದಿಹರೆಯದಲ್ಲಿ ಶುರುವಾಗಿ ಅದರೊಂದಿಗೇ ಮುಗಿಯುವುದು. ದೊಡ್ಡವರಂತೆ ಕಾಣಬೇಕೆಂಬ ಹಂಬಲ ಇದರ ಮೂಲ, ಕೆಲಸ ಮತ್ತು ಸಂಸಾರ ಬಂದಾಗ ಬಹುಪಾಲು ಜನ ಇದನ್ನು ಬಿಟ್ಟುಬಿಡುತ್ತಾರೆ.

ಪೀಡನೆಗೆ ಒಳಗಾಗುವವರ ಪ್ರಮಾಣ ಒಟ್ಟಾರೆ ವಯಸ್ಸಿನೊಂದಿಗೆ ಇಳಿಯುತ್ತದೆ. ಆದರೆ ಮಕ್ಕಳು ಹೊಸ ಶಾಲೆಗೆ ಕಾಲಿಡುವಾಗ ಪೀಡನೆ ಮತ್ತೆ ಹೆಡೆಯೆತ್ತುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಹೊಸ ಗುಂಪಿನಲ್ಲಿ ಯಾರು ಮೇಲು ಯಾರು ಕೆಳಗು ಎಂಬುದು ಇನ್ನೂ ನಿರ್ಧಾರವಾಗಿರುವುದಿಲ್ಲ. ಒಬ್ಬರನ್ನು ತುಳಿಯುವುದು ಮೇಲೇರುವ ಸುಲಭ ಮೆಟ್ಟಿಲಾಗುತ್ತದೆ. ಭಾರತದ ಕಾಲೇಜು ಮತ್ತು ಹಾಸ್ಟೆಲುಗಳಲ್ಲಿ ಹೊಸಬರ ಮೇಲೆ ನಡೆಯುವ ರ‍್ಯಾಗಿಂಗ್ ಇಂಥದೇ ಸಂಧಿಕಾಲದ ಪೀಡನೆ. ಅದಕ್ಕೆ ಸಂಪ್ರದಾಯದ ಮುಸುಕು ಇರುವುದರಿಂದ ಹಿಂದಿನ ವರ್ಷ ನೊಂದವರೇ ಮುಂದಿನ ವರ್ಷ ನೋಯಿಸುವವರಾಗುತ್ತಾರೆ.

ಕಾರಣಗಳು

ಆಕ್ರಮಣಶೀಲತೆಗೆ ಒಂಟಿ ಕಾರಣವಿಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಆನುವಂಶಿಕ. ಆದರೆ ಅನುವಂಶೀಯತೆ ಪರಿಸರವನ್ನು ಬಿಟ್ಟು ಕೆಲಸ ಮಾಡುವುದಿಲ್ಲ. ಬೇಗ ಕೆರಳುವ, ಸಮಾಧಾನವಾಗದ ಸ್ವಭಾವದೊಂದಿಗೆ ಹುಟ್ಟಿದ ಮಗು ತಾಳ್ಮೆಯ ಕೈಯಲ್ಲಿ ಒಂದು ಬಗೆಯಾಗಿ, ಬೇಸತ್ತ ಕೈಯಲ್ಲಿ ಇನ್ನೊಂದು ಬಗೆಯಾಗಿ ಬೆಳೆಯುತ್ತದೆ. ತಾಯಿ ಬಸುರಿಯಾಗಿದ್ದಾಗ ತಂಬಾಕು ಮತ್ತು ಮದ್ಯದ ಸೇವನೆ, ತೀರ ಚಿಕ್ಕ ವಯಸ್ಸಿನ ತಾಯ್ತನ, ಕಿತ್ತು ತಿನ್ನುವ ಬಡತನ, ತಂದೆತಾಯಿಯ ಖಿನ್ನತೆ ಇವು ಅಪಾಯ ಹೆಚ್ಚಿಸುವ ಅಂಶಗಳು.

ಮನೆಯೊಳಗೆ ಆಕ್ರಮಣ ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಅಮೆರಿಕದ ಆರೆಗನ್ ರಾಜ್ಯದ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಲ್ಲೇ ವೀಕ್ಷಿಸಿ 1982ರಲ್ಲಿ ವಿವರಿಸಿದರು. ಮಗು ಅಂಗಡಿಯ ಮುಂದೆ ಚಾಕೊಲೇಟಿಗೆ ಹಟ ಹಿಡಿಯುತ್ತದೆ ಎನ್ನಿ. ತಾಯಿ ಬೇಡವೆನ್ನುತ್ತಾಳೆ. ಮಗು ರಂಪ ಮಾಡುತ್ತದೆ, ತಾಯಿ ಗದರುತ್ತಾಳೆ, ಮಗು ನೆಲಕ್ಕೆ ಬಿದ್ದು ಕಾಲು ಬಡಿಯುತ್ತದೆ, ಸುತ್ತಲಿನವರು ತಿರುಗಿ ನೋಡುತ್ತಾರೆ. ಮರ್ಯಾದೆಗೆ ಅಂಜಿ ತಾಯಿ ಚಾಕೊಲೇಟು ಕೊಡಿಸುತ್ತಾಳೆ, ಮಗು ಸುಮ್ಮನಾಗುತ್ತದೆ. ಇಲ್ಲಿ ಇಬ್ಬರೂ ಪಾಠ ಕಲಿತರು. ರಂಪ ಏರಿಸಿದರೆ ಗೆಲ್ಲಬಹುದೆಂದು ಮಗು ಕಲಿಯಿತು, ಸೋತರೆ ಶಾಂತಿ ಸಿಗುತ್ತದೆಂದು ತಾಯಿ ಕಲಿತಳು. ಇನ್ನೊಂದು ದಿನ ಆಕೆ ಎರಡು ಬಿಗಿದು ಗೆದ್ದರೂ ಪಾಠ ಅದೇ: ಹೆಚ್ಚು ಜೋರು ಮಾಡಿದವರದೇ ಮೇಲುಗೈ. ದಿನಕ್ಕೆ ಹಲವು ಬಾರಿ ನಡೆಯುವ ಈ ಪಾಠವನ್ನೇ ಮಗು ಶಾಲೆಗೂ ಕೊಂಡೊಯ್ಯುತ್ತದೆ.

ಪೆಟ್ಟು ಕೊಟ್ಟರೆ ಮಗು ದಾರಿಗೆ ಬರುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಬೆಂಬಲವಿಲ್ಲ. ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರೂ ಗ್ರೋಗನ್ ಕೇಲರ್ 1,60,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಹೊಡೆತ ತಿಂದ ಮಕ್ಕಳಲ್ಲಿ ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ. ಆಕ್ರಮಣಶೀಲತೆ ಹೆಚ್ಚಿದ್ದು ಕಂಡಿತು.

ಮಕ್ಕಳು ನೋಡಿಯೂ ಕಲಿಯುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 72 ಪುಟ್ಟ ಮಕ್ಕಳಿದ್ದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಸುತ್ತಿಗೆಯಿಂದ ಬಡಿದು ಒದೆಯುವುದನ್ನು ಕಂಡ ಮಕ್ಕಳು ಅದೇ ಭಂಗಿಯಲ್ಲಿ, ಅದೇ ಮಾತುಗಳನ್ನಾಡುತ್ತ ಗೊಂಬೆಯನ್ನು ಬಡಿದರು. 1965ರ ಇನ್ನೊಂದು ಪ್ರಯೋಗದಲ್ಲಿ, ಹೊಡೆದವರಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಅವರೂ ಎಲ್ಲವನ್ನೂ ಮಾಡಿ ತೋರಿಸಿದರು. ಕಲಿತದ್ದನ್ನು ಬಳಸುವುದೋ ಬಿಡುವುದೋ ಎಂಬುದು ಸಿಗುವ ಫಲದ ಮೇಲೆ ನಿಂತಿದೆ ಎಂದಾಯಿತು.

ಗುಂಪಿನ ಪಾತ್ರ

ಪೀಡಕ ಮತ್ತು ಪೀಡಿತ ಇಬ್ಬರೇ ಇರುವ ಪೀಡನೆ ಅಪರೂಪ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ 573 ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ತರಗತಿಯ ಪಾತ್ರಗಳನ್ನು ಗುರುತಿಸಿದರು: ಮುಂದಾಳಾದ ಪೀಡಕ, ಕೈಜೋಡಿಸುವ ಸಹಾಯಕ, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ದೂರ ನಿಲ್ಲುವವರು, ಪೀಡಿತನ ಪರ ನಿಲ್ಲುವ ರಕ್ಷಕರು. ಪೀಡಕರು ಶೇ. 8ರಷ್ಟಿದ್ದರೆ, ಹುರಿದುಂಬಿಸುವವರು ಮತ್ತು ದೂರ ನಿಲ್ಲುವವರು ಸೇರಿ ಶೇ. 40ಕ್ಕೂ ಹೆಚ್ಚಿದ್ದರು. ಕೆನಡಾದ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಜೊತೆಗಾರರು ಶಾಲೆಯ ಮೈದಾನಗಳಲ್ಲಿ ದೃಶ್ಯಗಳನ್ನು ಚಿತ್ರೀಕರಿಸಿ ನೋಡಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಪ್ರಸಂಗಗಳಲ್ಲಿ ಬೇರೆ ಮಕ್ಕಳು ಹಾಜರಿದ್ದರು. ಅವರು ಅಡ್ಡ ಬಂದದ್ದು ಐದರಲ್ಲಿ ಒಂದು ಸಲ ಮಾತ್ರ. ಬಂದಾಗ ಅರ್ಧಕ್ಕಿಂತ ಹೆಚ್ಚು ಪ್ರಸಂಗಗಳು 10 ಸೆಕೆಂಡಿನೊಳಗೆ ನಿಂತುಹೋದವು.

ಪೀಡಕನೆಂದರೆ ಕೀಳರಿಮೆಯಿಂದ ನರಳುವ ಮೊದ್ದನೆಂಬ ಚಿತ್ರ ಹಲವು ಸಲ ತಪ್ಪು. ಇತರರ ಮನಸ್ಸನ್ನು ಓದುವುದರಲ್ಲಿ ಮುಂದಾಳು ಪೀಡಕರು ಹಿಂದೆ ಬಿದ್ದಿಲ್ಲವೆಂದು ಇಂಗ್ಲೆಂಡಿನಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಾರಿಗೆ ಗೆಳೆಯರಿಲ್ಲ, ಯಾರ ಪರ ಯಾರೂ ಬಾಯಿ ಬಿಡುವುದಿಲ್ಲ ಎಂಬುದನ್ನು ಬಲ್ಲವರೇ ಗುರಿಯನ್ನು ಆರಿಸುತ್ತಾರೆ. ದಪ್ಪ ಮೈ, ಕಪ್ಪು ಬಣ್ಣ, ತೊದಲು ಮಾತು, ಅಂಗವೈಕಲ್ಯ, ಜಾತಿ, ಹೆಣ್ಣಿಗನೆಂಬ ಮೂದಲಿಕೆ ನೆಪಗಳಾಗುತ್ತವೆ. ಸಮಾಜ ಯಾರನ್ನು ಕೀಳಾಗಿ ಕಾಣುತ್ತದೋ ಅವರನ್ನೇ ಮಕ್ಕಳೂ ಆರಿಸಿಕೊಳ್ಳುತ್ತಾರೆ. ತಾವು ಪೀಡನೆಗೆ ಒಳಗಾಗುತ್ತಲೇ ಬೇರೆಯವರನ್ನು ಪೀಡಿಸುವ ಮೂರನೆಯ ಗುಂಪೊಂದಿದೆ. ಮನೆ, ಶಾಲೆ, ಮನಸ್ಸು ಮೂರರಲ್ಲೂ ಅತಿ ಹೆಚ್ಚು ಸಂಕಟದಲ್ಲಿರುವವರು ಇವರು.

ಮೊಬೈಲ್ ಫೋನ್ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ನಡೆಯುವ ಸೈಬರ್ ಪೀಡನೆಗೆ ಒಳಗಾಗುವವರಲ್ಲಿ ಬಹುಪಾಲು ಮಕ್ಕಳು ಶಾಲೆಯಲ್ಲೂ ಪೀಡಿತರೇ. ಆದರೆ ಇಲ್ಲಿ ಬಿಡುವಿಲ್ಲ. ಶಾಲೆಯ ಗಂಟೆ ಹೊಡೆದ ಮೇಲೂ ಅದು ಮನೆಯೊಳಕ್ಕೆ ಬರುತ್ತದೆ. ಒಮ್ಮೆ ಹರಿಬಿಟ್ಟ ಚಿತ್ರವನ್ನು ಎಷ್ಟು ಜನ ನೋಡಿದರೆಂದು ತಿಳಿಯುವುದಿಲ್ಲ, ಪೀಡಕನಿಗೂ ನೊಂದವರ ಮುಖ ಕಾಣುವುದಿಲ್ಲ.

ಪರಿಣಾಮಗಳು

ಪೀಡನೆಗೆ ಒಳಗಾದ ಮಕ್ಕಳಲ್ಲಿ ನಿದ್ದೆಗೇಡು, ಹೊಟ್ಟೆನೋವು, ತಲೆನೋವು, ಶಾಲೆಗೆ ಹೋಗಲು ಹಿಂಜರಿಕೆ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸುತ್ತವೆ. ದೊಡ್ಡವರಾದ ಮೇಲೂ ಗಾಯ ಪೂರ್ತಿ ಮಾಯುವುದಿಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರನ್ನು ಹಿಂಬಾಲಿಸಿದ ಅಧ್ಯಯನ, ಬಾಲ್ಯದಲ್ಲಿ ಪದೇಪದೇ ಪೀಡನೆಗೆ ಒಳಗಾದವರಲ್ಲಿ 50ನೆಯ ವಯಸ್ಸಿನಲ್ಲೂ ಖಿನ್ನತೆ ಮತ್ತು ಆತಂಕ ಹೆಚ್ಚಿರುವುದನ್ನು 2014ರಲ್ಲಿ ವರದಿ ಮಾಡಿತು.

ಪೀಡಕರ ಭವಿಷ್ಯವೂ ಸುರಕ್ಷಿತವಲ್ಲ. ಓಲ್ವೆಯುಸ್ ಗಮನಿಸಿದ ಸ್ವೀಡನ್ನಿನ ಪೀಡಕ ಬಾಲಕರಲ್ಲಿ ಸುಮಾರು ಶೇ. 60 ಮಂದಿಗೆ 24 ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ 1960ರಲ್ಲಿ ಆರಂಭವಾದ ಅಧ್ಯಯನದಲ್ಲಿ, 8ನೆಯ ವಯಸ್ಸಿನಲ್ಲಿ ಸಹಪಾಠಿಗಳು ಆಕ್ರಮಣಕಾರಿ ಎಂದು ಹೆಸರಿಸಿದವರು 30ನೆಯ ವಯಸ್ಸಿನಲ್ಲಿ ಅಪರಾಧಗಳಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದಿದ್ದರು, ತಮ್ಮ ಮಕ್ಕಳನ್ನೂ ಹೆಚ್ಚು ಕಠಿಣವಾಗಿ ದಂಡಿಸುತ್ತಿದ್ದರು. ಒಂದು ತಲೆಮಾರಿನ ಹಿಂಸೆ ಹೀಗೆ ಇನ್ನೊಂದಕ್ಕೆ ದಾಟುತ್ತದೆ.

ತಡೆಗಟ್ಟುವಿಕೆ

ಮೊದಲ ಕೆಲಸ ಎಳೆಯ ವಯಸ್ಸಿನದು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 1970ರ ದಶಕದ ಕೊನೆಯಲ್ಲಿ ಡೇವಿಡ್ ಓಲ್ಡ್ಸ್ ಆರಂಭಿಸಿದ ಯೋಜನೆಯಲ್ಲಿ ದಾದಿಯರು ಬಸುರಿಯರ ಮನೆಗೆ ಹೋಗಿ ಮಗುವಿಗೆ ಎರಡು ವರ್ಷವಾಗುವವರೆಗೂ ನೆರವಾದರು. ಹದಿನೈದು ವರ್ಷದ ನಂತರ ನೋಡಿದಾಗ, ಬಡ ಒಂಟಿ ತಾಯಂದಿರ ಮಕ್ಕಳಲ್ಲಿ ಈ ನೆರವು ಪಡೆದವರು ಬಂಧನಕ್ಕೆ ಒಳಗಾದದ್ದು ಕಡಿಮೆಯಿತ್ತು. ಮಾಂಟ್ರಿಯಲ್‌ನಲ್ಲಿ 7ರಿಂದ 9 ವರ್ಷದ ಬಾಲಕರಿಗೆ ಸಾಮಾಜಿಕ ಕೌಶಲವನ್ನೂ ಅವರ ತಂದೆತಾಯಿಗೆ ಪಾಲನೆಯ ತರಬೇತಿಯನ್ನೂ ಕೊಟ್ಟದ್ದರ ಫಲ 24ನೆಯ ವಯಸ್ಸಿನಲ್ಲೂ ಕಂಡಿತು.

ಎರಡನೆಯದು ಶಾಲೆಯ ವಾತಾವರಣ. ನಾರ್ವೆಯ ಬರ್ಗೆನ್‌ನಲ್ಲಿ 1983ರಿಂದ 1985ರವರೆಗೆ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳ ನಡುವೆ ಓಲ್ವೆಯುಸ್ ಕಾರ್ಯಕ್ರಮ ನಡೆದು, ಪೀಡನೆ ಅರ್ಧದಷ್ಟು ಇಳಿಯಿತು. ಬಿಡುವಿನ ವೇಳೆ ಮೈದಾನದಲ್ಲಿ ಶಿಕ್ಷಕರ ನಿಗಾ, ತರಗತಿಯಲ್ಲಿ ಮಕ್ಕಳೇ ಚರ್ಚಿಸಿ ಒಪ್ಪಿದ ನಿಯಮಗಳು, ಪೀಡಕ, ಪೀಡಿತ ಮತ್ತು ಪೋಷಕರೊಂದಿಗೆ ಬೇರೆ ಬೇರೆಯಾಗಿ ಗಂಭೀರ ಮಾತುಕತೆ ಅದರ ಮುಖ್ಯ ಅಂಗಗಳು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯ ರೂಪಿಸಿದ ಕಿವಾ ಕಾರ್ಯಕ್ರಮ ನೋಡುತ್ತ ನಿಲ್ಲುವ ಮಕ್ಕಳನ್ನೇ ರಕ್ಷಕರನ್ನಾಗಿಸಲು ಒತ್ತುಕೊಟ್ಟಿತು. 2009ರಿಂದ ಅದು ದೇಶದಾದ್ಯಂತ ಶಾಲೆಗಳಿಗೆ ಹರಡಿತು. ಮರಿಯಾ ಟೊಫಿ ಮತ್ತು ಡೇವಿಡ್ ಫ್ಯಾರಿಂಗ್ಟನ್ ಹಲವು ದೇಶಗಳ ಕಾರ್ಯಕ್ರಮಗಳನ್ನು 2011ರಲ್ಲಿ ತೂಗಿ ನೋಡಿದಾಗ ಪೀಡಿಸುವುದು ಸರಾಸರಿ ಶೇ. 20ರಿಂದ 23ರಷ್ಟು, ಪೀಡನೆಗೆ ಒಳಗಾಗುವುದು ಶೇ. 17ರಿಂದ 20ರಷ್ಟು ಇಳಿದಿತ್ತು.

ಕೆಲವು ಉಪಾಯಗಳು ತಿರುಗುಬಾಣವಾಗುತ್ತವೆ. ತುಂಟರನ್ನೆಲ್ಲ ಒಂದೆಡೆ ಸೇರಿಸಿ ತಿದ್ದಲು ಹೋದರೆ ಅವರು ಒಬ್ಬರಿಂದೊಬ್ಬರು ಕಲಿತು ಇನ್ನಷ್ಟು ಕೆಡಬಹುದೆಂದು 1999ರಲ್ಲಿ ಥಾಮಸ್ ಡಿಷನ್ ಮತ್ತು ಸಂಗಡಿಗರು ತೋರಿಸಿದರು. ಸಣ್ಣ ತಪ್ಪಿಗೂ ಶಾಲೆಯಿಂದ ಹೊರಹಾಕುವ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾಗಲಿಲ್ಲವೆಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಕಾರ್ಯಪಡೆ 2008ರಲ್ಲಿ ಹೇಳಿತು. ಪೀಡಕ ಮತ್ತು ಪೀಡಿತರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವುದೂ ಸರಿಯಲ್ಲ. ಬಲ ಸಮವಿಲ್ಲದ ಕಡೆ ರಾಜಿ ಎಂದರೆ ದುರ್ಬಲನ ಮೇಲೆ ಮತ್ತೊಂದು ಒತ್ತಡ.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ರಾಘವನ್ ಸಮಿತಿ 2007ರಲ್ಲಿ ವರದಿ ಕೊಟ್ಟ ಮೇಲೆ, ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ರ‍್ಯಾಗಿಂಗ್ ವಿರುದ್ಧ ನಿಯಮಾವಳಿ ಹೊರಡಿಸಿತು. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವೂ ರ‍್ಯಾಗಿಂಗನ್ನು ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯದ ಪ್ರೌಢಶಾಲೆಗಳಲ್ಲಿ ಶಿಕ್ಷಕರ ಮೂಲಕ ಜೀವನ ಕೌಶಲ ಶಿಕ್ಷಣವನ್ನು ನಡೆಸಿ ಅದರ ಫಲವನ್ನು ಅಧ್ಯಯನ ಮಾಡಿದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. 2022ರಿಂದ ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಸಿಗುತ್ತದೆ. ರ‍್ಯಾಗಿಂಗ್ ಕಾನೂನುಗಳು ಮುಖ್ಯವಾಗಿ ಕಾಲೇಜನ್ನು ಗಮನದಲ್ಲಿಟ್ಟುಕೊಂಡವು. ಆದರೆ ಪೀಡನೆಯ ಬೇರು ಪ್ರಾಥಮಿಕ ಶಾಲೆಯ ಬಿಡುವಿನ ವೇಳೆಯಲ್ಲಿ, ಅದಕ್ಕೂ ಮೊದಲು ಮನೆಯಲ್ಲಿ ಇರುವುದರಿಂದ ತಡೆಯುವ ಕೆಲಸವೂ ಅಲ್ಲಿಂದಲೇ ಆರಂಭವಾಗಬೇಕಾಗುತ್ತದೆ.